ಗಂಜಿಯ ಪಥ್ಯ ಮುರಿದ ಮಧ್ಯಾಹ್ನ

ಸಂತೆಯ ಬಾಗಿಲಿನಿಂದ ಹನ್ನೊಂದು ಹೆಜ್ಜೆ ಒಳಗೆ, ತಗಡಿನ ಮಾಡಿನ ಕೆಳಗೆ, ಒಣಮೀನು ಮಾರುವ ಹೆಂಗಸರಿಗೆಂದು ಒಂದು ಕಟ್ಟೆಯನ್ನು ದುರ್ಗಮ್ಮನವರು ಗೆದ್ದುಕೊಂಡದ್ದು ಎಂಬತ್ತಾರನೆಯ ಇಸವಿಯಲ್ಲಿ. ಅದಕ್ಕೆ ಮುಂಚೆ ಆ ಹೆಂಗಸರೆಲ್ಲ ಸಂತೆಯ ಹೊರಗೆ, ಚರಂಡಿಯ ಅಂಚಿನಲ್ಲಿ, ಮಳೆಗೆ ತಾವು ಹೊದೆಯುವ ಗೊರಬನ್ನು ಮೀನಿನ ಬುಟ್ಟಿಗೆ ಹೊದಿಸಿ ತಾವು ನೆನೆಯುತ್ತ ಕೂರಬೇಕಾಗಿತ್ತು. ವಾಸನೆ ಬರುತ್ತದೆಂಬುದು ಉಳಿದ ವ್ಯಾಪಾರಿಗಳ ದೂರು. ದುರ್ಗಮ್ಮ ಪುರಸಭೆಗೆ ಆರು ಅರ್ಜಿಗಳನ್ನು ಬರೆಸಿ ಕೊಟ್ಟರು. ಒಂದಕ್ಕೂ ಉತ್ತರ ಬರಲಿಲ್ಲ. ಏಳನೆಯದನ್ನು ಬರೆಸದೆ, ಒಂದು ಸೋಮವಾರ ಬೆಳಗ್ಗೆ ಬುಟ್ಟಿಯ ಸಮೇತ ಕಛೇರಿಯ ಜಗಲಿಗೆ ಹೋಗಿ, ಸಾಹೇಬರ ಕಿಟಕಿಯ ಕೆಳಗೆ ಸೆರಗು ಹೊದ್ದು ಕುಳಿತರು. ಏನು ಬೇಕೆಂದು ಕೇಳಿದ ಜವಾನನಿಗೆ, "ಎಂತದೂ ಬ್ಯಾಡ ಮಾರಾಯ. ಸಾಹೇಬ್ರ ಉತ್ರಕ್ಕೆ ಕಾಯ್ತಿದೀನಿ. ನಾ ಎಲ್ಲಿ ಕಾಯ್ತೀನೋ ನನ್ ಬುಟ್ಟೀನೂ ಅಲ್ಲೇ ಕಾಯ್ತದೆ" ಎಂದರು.

ಹದಿನಾಲ್ಕು ಸೋಮವಾರ ಹೀಗೆ ನಡೆಯಿತು. ಹತ್ತನೆಯ ಸೋಮವಾರ ಮಳೆಯಲ್ಲಿ ನೆನೆದು ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದಾಗ ಅವರಿಗೆ ಚುಚ್ಚುಮದ್ದು ಕೊಟ್ಟ ದಾದಿ ನಾನು. ಹನ್ನೊಂದನೆಯ ಸೋಮವಾರ ಹಾಸಿಗೆ ಖಾಲಿಯಿತ್ತು. ರೋಗಿ ಬುಟ್ಟಿಯೊಂದಿಗೆ ಜಗಲಿಯಲ್ಲಿದ್ದರು. ಹದಿನಾಲ್ಕನೆಯ ಸೋಮವಾರ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಆದೇಶಕ್ಕೆ ಸಹಿ ಹಾಕಿದರು. ಆ ದಿನಗಳಿಂದ ನಮ್ಮಿಬ್ಬರಿಗೆ ಸ್ನೇಹ.

ಅಂಥ ಹೆಂಗಸು ಮೂರು ತಿಂಗಳಿಂದ ತುಟಿಪಿಟಕ್ಕೆನ್ನದೆ ಗಂಜಿ ಕುಡಿಯುತ್ತಿದ್ದಾರೆಂದರೆ ನನಗೆ ಸಂಶಯ ಬರಬೇಕಾಗಿತ್ತು. ಬರಲಿಲ್ಲ.

ಗಂಜಿಯ ಮೂಲ ಹೀಗಿದೆ. ದುರ್ಗಮ್ಮನವರಿಗೆ ಈಗ ಎಪ್ಪತ್ತಾರು ವರ್ಷ. ಚೈತ್ರದಲ್ಲಿ ಹೊಟ್ಟೆಯಿಂದ ಬೆನ್ನಿಗೆ ಇರಿಯುವಂಥ ನೋವು ಶುರುವಾಯಿತು. ಅವರ ಒಬ್ಬನೇ ಮಗ ಕೃಷ್ಣಕುಮಾರ್, ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷದಿಂದ ಕಂಡಕ್ಟರು, ತಾಯಿಯನ್ನು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯರು ಅವನೊಬ್ಬನನ್ನೇ ಪಕ್ಕಕ್ಕೆ ಕರೆದು, ಮೇದೋಜೀರಕ ಗ್ರಂಥಿಯ ಕ್ಯಾನ್ಸರೆಂದೂ, ಯಕೃತ್ತಿಗೆ ಹಬ್ಬಿದೆಯೆಂದೂ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದೂ, ನೋವಿಲ್ಲದಂತೆ ನೋಡಿಕೊಳ್ಳುವುದೊಂದೇ ಉಳಿದದ್ದೆಂದೂ ತಿಳಿಸಿದರು. ಅವನು ಹೊರಗೆ ಬಂದಾಗ ಬೆಂಚಿನ ಮೇಲೆ ಕುಳಿತಿದ್ದ ತಾಯಿ, "ಎಂತ ಅಂದ್ರು?" ಎಂದು ಕೇಳಿದರು. ಬಾಯಿಗೆ ಬಂದದ್ದು ಒಂದೇ ಪದ.

"ಗ್ಯಾಸ್ಟ್ರಿಕ್."

ಗ್ಯಾಸ್ಟ್ರಿಕ್ ಎಂದಮೇಲೆ ಪಥ್ಯ ಬೇಕಲ್ಲ! ಕಾಯಿಲೆ ಯಾವುದಾದರೂ ಆಗಲಿ, ಪಥ್ಯವಿಲ್ಲದಿದ್ದರೆ ಅದನ್ನು ಕಾಯಿಲೆಯೆಂದು ನಂಬುವ ಜನ ನಮ್ಮಲ್ಲಿ ಇಲ್ಲ. ಖಾರ ನಿಂತಿತು, ಹುಳಿ ನಿಂತಿತು, ಕಾಫಿ ನಿಂತಿತು. ಎಲ್ಲಕ್ಕಿಂತ ಮಿಗಿಲಾಗಿ, ನಲವತ್ತು ವರ್ಷ ಒಣಮೀನು ಮಾರಿ, ನಲವತ್ತು ವರ್ಷ ದಿನಕ್ಕೊಮ್ಮೆಯಾದರೂ ಒಣಸೀಗಡಿಯ ಚಟ್ನಿ ನಂಜಿಕೊಂಡ ಆ ನಾಲಿಗೆಗೆ ಉಪ್ಪಿನ ಹರಳು ಹಾಕಿದ ಗಂಜಿ, ನೀರು ಮಜ್ಜಿಗೆ, ಬೇಯಿಸಿದ ಪಡವಲಕಾಯಿ. ಸೊಸೆ ಜ್ಯೋತಿಲಕ್ಷ್ಮಿ ಮನೆಯ ಮೀನಿನ ಡಬ್ಬಿಯನ್ನು ಪಕ್ಕದ ಶೇಷಪ್ಪನವರ ಮನೆಗೆ ಸಾಗಿಸಿದಳು. ತಾಯಿಯೊಬ್ಬಳೇ ಸಪ್ಪೆ ತಿಂದರೆ ಅನುಮಾನ ಬಂದೀತೆಂದು ಕೃಷ್ಣಕುಮಾರ್ ತನಗೂ ಗ್ಯಾಸ್ಟ್ರಿಕ್ ಎಂದು ಘೋಷಿಸಿ, ಎದುರು ಕುಳಿತು ತಾನೂ ಗಂಜಿ ಕುಡಿಯತೊಡಗಿದ. ಆರು ಕಿಲೋ ಇಳಿದ. ಬಸ್ಸಿನಲ್ಲಿ ಅವನ ಚೀಲದ ಪಟ್ಟಿಗೆ ಎರಡು ಹೊಸ ತೂತು ಕೊರೆಸಬೇಕಾಯಿತು.

ಮನೆಗೆ ಹೋಗಿ ಆರೈಕೆ ಮಾಡುವ ತಂಡಕ್ಕೆ ನಿವೃತ್ತಿಯ ನಂತರ ನಾನು ಸೇರಿದ್ದರಿಂದ ದುರ್ಗಮ್ಮ ನನ್ನ ಪಾಲಿಗೇ ಬಂದರು. ಮಾರ್ಫಿನ್ ಮಾತ್ರೆಯನ್ನು ನೋವು ಬರಲೆಂದು ಕಾಯದೆ ನಾಲ್ಕು ಗಂಟೆಗೊಮ್ಮೆ ಕೊಡಬೇಕು, ಜೊತೆಯಲ್ಲಿ ಮಲಬದ್ಧತೆಗೆ ಔಷಧವನ್ನು ಮರೆಯಬಾರದು ಎಂದು ಸೊಸೆಗೆ ಕಲಿಸಿದೆ. ನೋವು ಹತೋಟಿಗೆ ಬಂತು. ಆದರೆ ಮಾರ್ಫಿನ್ ಮಾತ್ರೆಯ ಸೀಸೆಯ ಮೇಲೆ ಕೃಷ್ಣಕುಮಾರ್ ಕೆಂಪು ಶಾಯಿಯಲ್ಲಿ 'ಗ್ಯಾಸ್' ಎಂದು ಬರೆದ ಚೀಟಿ ಅಂಟಿಸಿದ.

"ಸಿಸ್ಟ್ರೇ, ನಿಮ್ ಕಾಲಿಗೆ ಬೀಳ್ತೀನಿ, ಅಮ್ಮಂಗೆ ಹೇಳ್ಬೇಡಿ. ಕೇಳಿದ್ ಕೂಡ್ಲೇ ಎದೆ ಒಡ್ದು ಹೋಗ್ತಾಳೆ" ಎಂದು ಅಂಗಳದಲ್ಲಿ ನನ್ನ ಕೈ ಹಿಡಿದುಕೊಂಡ.

ರೋಗಿಗೆ ಸುಳ್ಳು ಹೇಳಬಾರದೆಂದು ಊರೂರಿನ ದಾದಿಯರಿಗೆ ಪಾಠ ಹೇಳುವ ನಾನು ಅವನ ಕಣ್ಣು ನೋಡಿ ಒಪ್ಪಿಕೊಂಡುಬಿಟ್ಟೆ. ಮೂರು ತಿಂಗಳು ಕಳೆದು ಈಗ ಉಳಿದಿದ್ದದ್ದು ಆರು ವಾರ, ಹೆಚ್ಚೆಂದರೆ ಎಂಟು. ಆ ಆರು ವಾರವನ್ನೂ ದುರ್ಗಮ್ಮ ಪಡವಲಕಾಯಿಯ ಎದುರಿನಲ್ಲಿ, ಯಾರೊಡನೆಯೂ ಮನಸ್ಸು ಬಿಚ್ಚದೆ, ಬಾಯಿ ಸಪ್ಪೆ ಮಾಡಿಕೊಂಡೇ ಕಳೆದು ಹೊರಟುಹೋಗುವರೆಂಬುದು ನನ್ನನ್ನು ಮುಳ್ಳಿನಂತೆ ಚುಚ್ಚುತ್ತಿತ್ತು.

ಈ ಸ್ಥಿತಿಯಲ್ಲಿ ಸಾಗರದಲ್ಲಿ ನಮ್ಮ ತರಬೇತಿ ಶಿಬಿರ ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಿಂದ ಮೂವತ್ತೆರಡು ಮಂದಿ: ದಾದಿಯರು, ಆಶಾ ಕಾರ್ಯಕರ್ತೆಯರು, ಆರೋಗ್ಯ ನಿರೀಕ್ಷಕರು. ಒಂದು ಸಂಘದ ಕಟ್ಟಡದ ಮಹಡಿಯಲ್ಲಿ ಸಭಾಂಗಣ. ಗೋಡೆಯ ಮೇಲೆ ಬ್ಯಾನರು: 'ಉಪಶಾಮಕ ಆರೈಕೆ ತರಬೇತಿ, ಗುಣವಾಗದ ಕಾಯಿಲೆಯವರೊಡನೆ ಸತ್ಯದ ಮಾತು'. ಎಲ್ಲರ ತೊಡೆಯ ಮೇಲೂ ಹಸಿರು ರಟ್ಟಿನ ಕೈಪಿಡಿ.

ಕೆಟ್ಟ ಸುದ್ದಿಯನ್ನು ತಿಳಿಸುವ ಕ್ರಮ ಅದರ ಹದಿನೇಳನೆಯ ಪುಟದಲ್ಲಿತ್ತು. ಅದನ್ನು ನಾವು ಆಡಿ ತೋರಿಸಿ ಕಲಿಸುತ್ತೇವೆ; ಒಬ್ಬರು ವೈದ್ಯರು, ಒಬ್ಬರು ರೋಗಿ. ಆ ಬೆಳಗ್ಗೆ ರೋಗಿಯಾದವರು ಹಿರಿಯ ಆರೋಗ್ಯ ನಿರೀಕ್ಷಕ ರಾಮಚಂದ್ರಪ್ಪನವರು. ನಿವೃತ್ತಿಗೆ ಎರಡು ವರ್ಷವಿದ್ದ ಆ ಮನುಷ್ಯ, ವೈದ್ಯರು ಬಾಯಿ ತೆರೆಯುವುದಕ್ಕೆ ಮುಂಚೆಯೇ "ಅಯ್ಯೋ ನನ್ನ ಹೆಂಡ್ತಿ ಮಕ್ಳೇ!" ಎಂದು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು ಹೊರಳಾಡಿದರು. ವೈದ್ಯನಾಗಿದ್ದವನು ತೀರ್ಥಹಳ್ಳಿ ಕಡೆಯ ಉಪಕೇಂದ್ರದ ತರುಣ ಅಧಿಕಾರಿ ವಿಘ್ನೇಶ್ವರ. ಸುದ್ದಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕೆಂದು ಕೈಪಿಡಿಯಲ್ಲಿ ಇದೆ. ಅವನು ಕೈಗಡಿಯಾರವನ್ನು ನೋಡುತ್ತ ಸರಿಯಾಗಿ ಮೂವತ್ತು ಸೆಕೆಂಡು ಸುಮ್ಮನಿದ್ದು, "ಆಯ್ತು ಸರ್, ಎದ್ದೇಳಿ" ಎಂದ.

ರೋಗಿಯ ಮನೆಯವರೊಬ್ಬರು ಬಂದು ತಮ್ಮ ಅನುಭವ ಹೇಳಲೆಂದು ಕೃಷ್ಣಕುಮಾರನನ್ನು ಮಧ್ಯಾಹ್ನಕ್ಕೆ ಕರೆದಿದ್ದೆ. ಹನ್ನೊಂದೂವರೆಗೆ ಅವನ ಫೋನು ಬಂತು.

"ಸಿಸ್ಟ್ರೇ, ಕೆಲ್ಸ ಕೆಟ್ತು. ಅಮ್ಮ ನಾನೂ ಬರ್ತೀನಿ ಅಂತ ಸೀರೆ ಉಟ್ಕಂಡು ಆಟೋದಲ್ಲಿ ಕೂತಾಗಿದೆ. ಎಲ್ಲಿಗೆ ಅಂತ ಕೇಳಿದ್ಲು. ಗ್ಯಾಸ್ಟ್ರಿಕ್ ಶಿಬಿರ ಅಂದ್‌ಬಿಟ್ಟೆ."

"ಕೃಷ್ಣಾ! ಇಲ್ಲಿ ಬ್ಯಾನರ್ ಇದೆಯಲ್ಲೋ!"

"ಎಂತಾರ ಮಾಡಿ ಸಿಸ್ಟ್ರೇ. ಐದ್ ನಿಮಿಷ. ಬಂದ್ವಿ."

ಆ ಐದು ನಿಮಿಷಗಳಲ್ಲಿ ನಮ್ಮ ಸಭಾಂಗಣದಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ಸತ್ಯದ ಮಾತನ್ನು ಕಲಿಯಲು ಬಂದ ಮೂವತ್ತೆರಡು ಮಂದಿ ಒಟ್ಟಾಗಿ ಒಂದು ಸುಳ್ಳಿಗೆ ಸೊಂಟ ಕಟ್ಟಿ ನಿಂತರು. ರಾಮಚಂದ್ರಪ್ಪನವರು ಎರಡು ಕುರ್ಚಿ ಪೇರಿಸಿ ಹತ್ತಿ, ಚಹಾದ ಮೇಜಿನ ಹೊದಿಕೆಯನ್ನು ಬ್ಯಾನರಿನ ಮೇಲೆ ಇಳಿಬಿಟ್ಟರು. ಹೊದಿಕೆ ಮೊಳದಷ್ಟು ಗಿಡ್ಡವಾಗಿ, ಕೊನೆಗೆ 'ಸತ್ಯದ ಮಾತು' ಎಂಬಷ್ಟು ಹೊರಗೇ ಉಳಿಯಿತು. ಕೈಪಿಡಿಗಳೆಲ್ಲ ಕುರ್ಚಿಯ ಅಡಿಗೆ ಹೋದವು. ಕರಿಹಲಗೆಯ ಮೇಲಿನ 'ಮಾರ್ಫಿನ್' ಎಂಬ ಪದವನ್ನು ಯಾರೋ ಅಳಿಸಿ 'ಮಜ್ಜಿಗೆ' ಎಂದು ಬರೆದರು. ನಾನು ತಡೆಯಬೇಕಾಗಿತ್ತು. ತಡೆಯಲಿಲ್ಲ, ಕುರ್ಚಿ ಅಲುಗದಂತೆ ಹಿಡಿದುಕೊಂಡು ನಿಂತಿದ್ದವಳೇ ನಾನು.

ದುರ್ಗಮ್ಮ ಮಗನ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೈ ಕಡ್ಡಿಯಾಗಿತ್ತು, ಕಣ್ಣು ಹಳದಿಗೆ ತಿರುಗಿತ್ತು. ಆದರೆ ಉಟ್ಟದ್ದು ಗಿಳಿಹಸಿರಿನ ಸೀರೆ, ಮುಡಿದದ್ದು ಅಬ್ಬಲಿಗೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಸುತ್ತಲೂ ನೋಡಿದರು.

"ಇಷ್ಟ್ ಜನಕ್ಕೂ ಗ್ಯಾಸಾ ಸಿಸ್ಟ್ರೇ?"

"ಹೌದು ದುರ್ಗಮ್ಮ" ಎಂದು ನಾನು ಅವರ ಮಣಿಕಟ್ಟು ಹಿಡಿದೆ.

ರಾಮಚಂದ್ರಪ್ಪನವರು ಎದ್ದು ನಿಂತು, ವಾಯುವಿನ ಉತ್ಪತ್ತಿ, ಸಂಚಾರ ಮತ್ತು ವಿಸರ್ಜನೆಯನ್ನು ಕುರಿತು ಯಾವ ಸಿದ್ಧತೆಯೂ ಇಲ್ಲದೆ ಹನ್ನೆರಡು ನಿಮಿಷ ಮಾತನಾಡಿದರು. ಕಡಲೆಕಾಳನ್ನು ಖಂಡಿಸಿದರು. ಹಲಸಿನ ಹಣ್ಣಿನ ಮೇಲೆ ಕಠೋರವಾದ ಆರೋಪಗಳನ್ನು ಹೊರಿಸಿದರು. ಆಶಾ ಕಾರ್ಯಕರ್ತೆಯರು ಸೆರಗಿನಲ್ಲಿ ಬಾಯಿ ತುರುಕಿಕೊಂಡು ನಡುಗುತ್ತಿದ್ದರು. ದುರ್ಗಮ್ಮ ಮಾತ್ರ ಗಂಭೀರವಾಗಿ ತಲೆದೂಗುತ್ತ ಕೇಳಿ, ಮಾತು ಮುಗಿದ ಮೇಲೆ ಬಗ್ಗಿ, ಕುರ್ಚಿಯ ಅಡಿಯಿಂದ ಹಸಿರು ಪುಸ್ತಕವನ್ನು ಎತ್ತಿಕೊಂಡರು. ಬಸ್ಸಿನ ಬೋರ್ಡು ಓದಿ ಓದಿಯೇ ಅಕ್ಷರ ಕಲಿತವರು. ಬೆರಳಿಟ್ಟು ಒಂದೊಂದೇ ಪದ ಓದಿದರು.

"ರೋ-ಗಿ-ಯ ಎ-ದು-ರು ಕು-ಳಿ-ತು-ಕೊ-ಳ್ಳಿ. ಇದೆಂತ ಸಿಸ್ಟ್ರೇ, ಆಟನಾ?"

"ಒಂದು ಥರ ಆಟವೇ. ಒಬ್ಬರು ಡಾಕ್ಟರು, ಒಬ್ಬರು ರೋಗಿ."

"ಹಂಗಾರೆ ನಾ ರೋಗಿ ಆಗ್ತೀನಿ. ಆಡಾಣ."

ಕೃಷ್ಣಕುಮಾರ್ ಬೆವರಿದ. "ಅಮ್ಮಾ, ನಿಂಗ್ಯಾಕೆ ಅದೆಲ್ಲ, ಸುಸ್ತಾಗ್ತದೆ."

"ಕೂತ್ಕಂಡ್ ಆಡದಲ್ಲೇನೋ? ಸುಸ್ತು ಎಂತಕ್ಕೆ?"

ವಿಘ್ನೇಶ್ವರ ಎದುರಿಗೆ ಬಂದು ಕುಳಿತ. ಪಾಪ, ಏನು ಹೇಳಬೇಕು, ಏನು ಹೇಳಬಾರದೆಂದು ತಿಳಿಯದೆ ಎರಡು ಸಲ ಕೆಮ್ಮಿ, ರೂಢಿಬಲದಿಂದ ಗಡಿಯಾರ ನೋಡಿದ.

"ಈ ಹುಡ್ಗ ಬ್ಯಾಡ" ಎಂದರು ದುರ್ಗಮ್ಮ. "ಇವಂಗೆ ಬಸ್ಸಿಗೆ ಹೊತ್ತಾಗಿದೆ. ನಮ್ ಕೃಷ್ಣ ಆಗ್ಲಿ ಡಾಕ್ಟ್ರು. ದಿನಾ ನೂರು ಜನಕ್ಕೆ ಸೀಟಿಲ್ಲ ಅಂತ ಹೇಳಿ ಅಭ್ಯಾಸ ಇದೆ ಅವಂಗೆ."

ಸಭೆ ಘೊಳ್ಳೆಂದು ನಕ್ಕಿತು. ನಗುವಿನ ನಡುವೆಯೇ ಯಾರೋ ಕೃಷ್ಣಕುಮಾರನನ್ನು ಎದುರಿನ ಕುರ್ಚಿಗೆ ದಬ್ಬಿದರು, ಯಾರೋ ಅವನ ಕೊರಳಿಗೆ ಸ್ಟೆತಾಸ್ಕೋಪು ಹಾಕಿದರು, ಇನ್ನು ಯಾರೋ ಕೈಪಿಡಿಯ ಹದಿನೇಳನೆಯ ಪುಟವನ್ನು ತೆರೆದು ಕೊಟ್ಟರು. ಅವನು ನನ್ನ ಮುಖ ನೋಡಿದ. ನಿಲ್ಲಿಸಲು ನನಗೆ ಆಗಲೂ ಅವಕಾಶವಿತ್ತು. ದುರ್ಗಮ್ಮನವರ ಮುಖ ನೋಡಿದೆ. ಆ ಹಳದಿ ಕಣ್ಣಿನಲ್ಲಿ ತುಂಟತನವಿತ್ತು. ಅದರ ಅಡಿಯಲ್ಲಿ ಕಿಂಚಿತ್ತೂ ತುಂಟತನವಲ್ಲದ ಒಂದು ಬೇಡಿಕೆಯಿತ್ತು. ನಾನು ಕಣ್ಣು ತಗ್ಗಿಸಿ, "ಓದು ಕೃಷ್ಣ" ಎಂದೆ.

ಅವನು ಓದಿದ. ಟಿಕೆಟು ಕೇಳುವ ರಾಗದಲ್ಲೇ ಬಂತು. "ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಏನು ಗೊತ್ತಿದೆ?"

"ಗೊತ್ತಿರದೆಲ್ಲ ಹೇಳ್ಲಾ ಡಾಕ್ಟ್ರೇ?"

"ಹ್ಞೂಂ."

"ನಂಗೊಬ್ಬ ಮಗ ಅದಾನೆ. ಗಂಜಿ ಅಂದ್ರೆ ಹುಟ್ಟಿದಾಗಿಂದ ಆಗ್ದು ಅವಂಗೆ. ಜ್ವರ ಬಂದಾಗ ಮೂಗು ಹಿಡ್ದು ಬಾಯಿಗೆ ಹೊಯ್ದ್ರೂ ನನ್ ಮೈಮೇಲೇ ಉಗೀತಿದ್ದ. ಅಂಥವ್ನು ಮೂರ್ ತಿಂಗ್ಳಿಂದ ನನ್ನೆದ್ರು ಕೂತು ದಿನಾ ಗಂಜಿ ಕುಡೀತಾನೆ. ಕುಡ್ದು 'ಆಹಾ' ಬೇರೆ ಅಂತಾನೆ." ದುರ್ಗಮ್ಮ ಸೆರಗು ಸರಿಮಾಡಿಕೊಂಡರು. "ಅವ್ನು ಗಂಜಿ ಕುಡ್ದು ಆಹಾ ಅಂದ್ ದಿನಾನೇ ನಂಗ್ ಗೊತ್ತಾತು ಡಾಕ್ಟ್ರೇ, ನನ್ ಹೊಟ್ಟೇಲಿರದು ಗ್ಯಾಸಲ್ಲ ಅಂತ."

ಸಭೆಯ ನಗು ಯಾರೋ ಗುಂಡಿ ಒತ್ತಿದಂತೆ ನಿಂತಿತು. ಕೃಷ್ಣಕುಮಾರ್ ಪುಸ್ತಕದಲ್ಲಿ ಮುಖ ಹುದುಗಿಸಿದ್ದ. ಬೇರೆ ದಾರಿ ಕಾಣದೆ ಮುಂದಿನ ಸಾಲನ್ನೇ ಓದಿದ.

"ನಿಮ್ಮ ಕಾಯಿಲೆಯ ಬಗ್ಗೆ ಎಷ್ಟು ತಿಳಿಯಲು ನಿಮಗೆ ಇಷ್ಟವಿದೆ?"

"ಜಾಸ್ತಿ ಬ್ಯಾಡ. ಒಂದೇ. ಒಣಸೀಗಡಿ ಚಟ್ನಿ ತಿನ್ಬೌದಾ?"

"ಅದು..." ಎಂದು ಅವನು ಪುಟವನ್ನು ಮೇಲಿಂದ ಕೆಳಗೆ ತಡಕಾಡಿದ. "ಅದು ಇದ್ರಲ್ಲಿಲ್ಲ."

"ನಾನೇ ದಾರಿ ಹೇಳ್ತೀನಿ, ತಡಿ. ಗ್ಯಾಸ್ಟ್ರಿಕ್ಕಾದ್ರೆ ತಿನ್ಬಾರ್ದು. ಹೌದನಾ? ಅವ್ರು ಹೇಳ್ದ್ರಲ್ಲ ಈಗ, ಹಲಸಿನ್ ಹಣ್ಣೂ ತಿನ್ಬಾರ್ದಂತೆ. ಕ್ಯಾನ್ಸರಾದ್ರೆ, ಗುಣ ಆಗದಿಲ್ಲ ಅಂತಾದ್ರೆ, ಬೇಕಾದ್ದು ತಿನ್ಬೌದು. ಈಗ ಹೇಳಿ ಡಾಕ್ಟ್ರೇ, ನಂದು ಯಾವ್ದು?"

ಕೃಷ್ಣಕುಮಾರ್ ಸ್ಟೆತಾಸ್ಕೋಪನ್ನು ಕೊರಳಿನಿಂದ ತೆಗೆದ. ಮತ್ತೆ ಹಾಕಿಕೊಂಡ. ಮೂವತ್ತು ವರ್ಷ ಕಿಕ್ಕಿರಿದ ಬಸ್ಸಿನಲ್ಲಿ ಕೂಗಿ ಗಟ್ಟಿಯಾದ ಅವನ ಗಂಟಲಿನಿಂದ ಆ ಹೊತ್ತಿಗೆ ಮಗುವಿನ ದನಿಯಷ್ಟೇ ಬಂತು.

"ತಿನ್ಬೌದು ಅಮ್ಮ."

"ಎಂತದು? ಸರಿ ಹೇಳು."

"ಗ್ಯಾಸಲ್ಲ. ಕ್ಯಾನ್ಸರು. ಘಟ್ಟದ್ ಕೆಳಗೇ ಹೇಳಿದ್ರು. ಗುಣ ಆಗಲ್ಲಂತೆ. ನೀನು... ನೀನು ಏನ್ ಬೇಕಾದ್ರೂ ತಿನ್ಬೌದು."

ಇಷ್ಟು ಹೇಳಿ ಅವನು ತಾಯಿಯ ಮಡಿಲಿಗೆ ತಲೆಯಿಟ್ಟು ಅತ್ತ. ಸ್ಟೆತಾಸ್ಕೋಪು ಅವರಿಬ್ಬರ ನಡುವೆ ಸಿಕ್ಕಿಕೊಂಡಿತು. ದುರ್ಗಮ್ಮ ಅವನ ತಲೆಯ ಮೇಲೆ ಕೈಯಿಟ್ಟು, ಚಾವಣಿಯ ಕಡೆ ನೋಡುತ್ತ, ದೊಡ್ಡದೊಂದು ಉಸಿರು ಬಿಟ್ಟರು. ಭಾರದ ಬುಟ್ಟಿಯನ್ನು ಯಾರೋ ಕೈಕೊಟ್ಟು ಇಳಿಸಿದಾಗ ಬಿಡುವಂಥ ಉಸಿರು.

"ಅಷ್ಟೇ ಅಲ್ಲನಾ" ಎಂದರು. "ಅಷ್ಟ್ ಹೇಳಕ್ಕೆ ಆರ್ ಕಿಲೋ ಇಳಿದ್ಯಲ್ಲೋ ಮಾರಾಯ."

"ನಿಂಗ್ ಗೊತ್ತಿತ್ತಾ? ಮೊದ್ಲಿಂದಾನೂ?"

"ಮತ್ತೆ?"

"ಮತ್ತೆ ಸುಮ್ನೆ ಯಾಕೆ ಗಂಜಿ ಕುಡ್ದೆ?"

"ನೀ ಅಷ್ಟ್ ಕಷ್ಟಪಟ್ಟು ಸುಳ್ ಹೇಳ್ತಿದ್ದೆ. ನಂಗ್ ಗೊತ್ತು ಅಂತ ಗೊತ್ತಾದ್ರೆ ನಿನ್ ಎದೆ ಒಡ್ದು ಹೋಗ್ತದೆ ಅಂದ್ಕಂಡೆ."

ಮೊದಲು ನಕ್ಕವರು ರಾಮಚಂದ್ರಪ್ಪನವರು. ಅಳುತ್ತಲೇ ನಕ್ಕರು, ಅದೂ ಬೆಳಗಿನ ಅಭಿನಯಕ್ಕಿಂತ ಎಷ್ಟೋ ಮೆಲ್ಲಗೆ. ಆಮೇಲೆ ಇಡೀ ಸಭೆಗೆ ಅದು ಅಂಟಿತು. ಬೇಡವಾದ ಗಂಜಿಯನ್ನು ಒಬ್ಬರಿಗಾಗಿ ಒಬ್ಬರು ಮೂರು ತಿಂಗಳು ಕುಡಿದು, ಎದುರುಬದುರು ಕುಳಿತು ಆಹಾ ಎಂದ ಆ ತಾಯಿ ಮಗನನ್ನು ನೋಡಿ, ನಗುವುದೋ ಅಳುವುದೋ ನಿರ್ಧರಿಸಲಾರದೆ ಮೂವತ್ತೆರಡು ಮಂದಿಯೂ ಎರಡನ್ನೂ ಮಾಡಿದರು.

ನನ್ನ ಪಾಲಿನದು ಬಾಕಿಯಿತ್ತು. ನಾನು ಅವರ ಪಕ್ಕದಲ್ಲಿ ಕುಳಿತು, "ದುರ್ಗಮ್ಮ, ನನಗೂ ಗೊತ್ತಿತ್ತು. ನಾನೂ ಸುಳ್ಳು ಹೇಳಿದೆ" ಎಂದೆ.

"ನಿಮ್ದು ಅವತ್ತೇ ಗೊತ್ತಾತು ಶರಾವತಿ ಸಿಸ್ಟ್ರೇ. ಸುಳ್ ಹೇಳ್ದಾಗೆಲ್ಲ ನೀವು ನನ್ ನಾಡಿ ಹಿಡೀತಿದ್ರಿ. ಬೆಳಗ್ಗಿಂದ ಸಂಜೆ ತಂಕ ನಾಡಿ ಹಿಡಿಯ ದಾದೀನ ನಾ ಎಲ್ಲೂ ಕಂಡಿಲ್ಲ." ಆಮೇಲೆ ದನಿ ತಗ್ಗಿಸಿ, "ಎಷ್ಟ್ ದಿನ?" ಎಂದು ಕೇಳಿದರು.

ಈ ಸಲ ನಾನು ಎರಡೂ ಕೈಗಳನ್ನು ನನ್ನ ಮಡಿಲಲ್ಲೇ ಇಟ್ಟುಕೊಂಡೆ. "ದಿನ ಎಣಿಸಿ ಹೇಳಲು ಯಾರಿಗೂ ಆಗದು. ತಿಂಗಳುಗಟ್ಟಲೆ ಇಲ್ಲ. ವಾರಗಳು. ನೋವಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಸುಳ್ಳಿಲ್ಲ."

ಅವರು ತಲೆಯಾಡಿಸಿದರು. ಆಮೇಲೆ ದುರ್ಗಮ್ಮ ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಏಳೋ ಡಾಕ್ಟ್ರೇ. ತಿನ್ಬೌದು ಅಂದ್ಯಲ್ಲ, ಎಲ್ಲಿ?" ಎಂದರು.

ಕೃಷ್ಣಕುಮಾರ್ ಮೂಗು ಒರೆಸಿಕೊಂಡು ಹೆಂಡತಿಗೆ ಫೋನು ಮಾಡಿದ. ಗಡಿಬಿಡಿಯಲ್ಲಿ ಸ್ಪೀಕರು ಒತ್ತಿಬಿಟ್ಟಿದ್ದರಿಂದ ಆ ಸಂಭಾಷಣೆ ಸಭೆಗೆಲ್ಲ ಕೇಳಿತು.

"ಜ್ಯೋತೀ, ಒಣಸೀಗಡಿ ಬೇಕು. ಅಮ್ಮಂಗೆ."

"ತಲೆ ಕೆಟ್ಟಿದ್ಯಾ ನಿಮ್ಗೆ? ಪಥ್ಯ!"

"ಅಮ್ಮಂಗೆ ಎಲ್ಲ ಗೊತ್ತಾಯ್ತು ಮಾರಾಯ್ತಿ. ಪಥ್ಯ ಗಿಥ್ಯ ಇಲ್ಲ ಇನ್ಮೇಲೆ."

ಆ ಕಡೆಯಿಂದ ಮಾತು ಮೆಲ್ಲಗೆ ಬಂತು: "ಶೇಷಪ್ಪಣ್ಣನ ಮನೇಲಿ ಇವತ್ತು ಮಸಾಲೆ ಅರ್ದಿಟ್ಟೀನಿ. ಡಬ್ಬಿ ತಗಂಡು ಬಂದೆ."

"ಇವತ್ತು ಅಂದ್ರೆ? ನೀವು ದಿನಾ ಅಲ್ಲಿ..."

"ನಾನು, ಮಕ್ಳು ಗಂಜಿ ಕುಡ್ಕಂಡು ಬದ್ಕಕ್ಕಾಗ್ತದಾ? ದಿನಾ ಅಲ್ಲೇ ಊಟ" ಎಂದು ಫೋನು ಇಟ್ಟಳು.

ಕೃಷ್ಣಕುಮಾರನ ಮುಖ ನೋಡುವಂತಿತ್ತು. ದುರ್ಗಮ್ಮ ಕಣ್ಣೀರು ಬರುವಷ್ಟು ನಕ್ಕು, ಹೊಟ್ಟೆ ಹಿಡಿದುಕೊಂಡು, ಹೊತ್ತಿಗೆ ಮುಂಚೆಯೇ ಬೇಕಾಗಿ ಬಂದ ನೋವಿನ ಮಾತ್ರೆಯೊಂದನ್ನು ನನ್ನ ಕೈಯಿಂದ ತೆಗೆದುಕೊಂಡರು. ಮಗ ಜೊತೆಗೆ ತಂದಿದ್ದ ಸೀಸೆಯ ಮೇಲಿನ 'ಗ್ಯಾಸ್' ಚೀಟಿಯನ್ನು ಉಗುರಿನಿಂದ ತಾವೇ ಕೆರೆದು ಕಿತ್ತರು. "ಇದೆಂತ ಮಾತ್ರೆ ಸಿಸ್ಟ್ರೇ, ಹೆಸ್ರು ಹೇಳಿ." ಹೇಳಿದೆ. "ಮಾರ್ಫಿನ್ನು" ಎಂದು ಎರಡು ಸಲ ಹೇಳಿ ಬಾಯಿಪಾಠ ಮಾಡಿಕೊಂಡರು.

ಇಪ್ಪತ್ತೇ ನಿಮಿಷದಲ್ಲಿ ಜ್ಯೋತಿಲಕ್ಷ್ಮಿ ಆಟೋದಿಂದ ಇಳಿದಳು. ಕೈಯಲ್ಲಿ ಎರಡು ಡಬ್ಬಿ, ಒಂದು ಬುತ್ತಿ ಅನ್ನ. ಕೆಳಗಿನ ಚಹಾದ ಒಲೆಯ ನೆತ್ತಿಯ ಮೇಲೆ 'ಸಸ್ಯಾಹಾರ ಮಾತ್ರ' ಎಂಬ ಫಲಕವಿತ್ತು. ರಾಮಚಂದ್ರಪ್ಪನವರು, ಫಲಕಗಳ ವಿಷಯದಲ್ಲಿ ಆ ದಿನ ಸಾಕಷ್ಟು ನುರಿತಿದ್ದವರು, ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದರು. ಬಾಣಲೆಯಲ್ಲಿ ಸೀಗಡಿ ಹುರಿದ ವಾಸನೆ ಮೆಟ್ಟಿಲು ಹತ್ತಿ ಸಭಾಂಗಣ ತುಂಬಿ ಕಿಟಕಿಯಿಂದ ಹೊರಗಿನ ಬೀದಿಗೂ ಇಳಿಯಿತು. ಜನ್ಮತಃ ಶಾಕಾಹಾರಿಯಾದ ನಾನು ಮೂಗಿಗೆ ಸೆರಗು ಹಿಡಿಯಲಿಲ್ಲ. ಕೈಗೆ ಸಿಕ್ಕ ಕೈಪಿಡಿಯಿಂದ ಜ್ಯೋತಿಲಕ್ಷ್ಮಿಗೆ ಗಾಳಿ ಬೀಸುತ್ತ ನಿಂತಿದ್ದೆ.

ಚಟ್ನಿ ಬಂತು. ದುರ್ಗಮ್ಮ ಮೊದಲು ಮೂಸಿದರು. "ಮರಳು ಇದೆ. ಈ ಸೀಗಡೀನ ಮೂರ್ ಸಲ ತೊಳೀಬೇಕು" ಎಂದು ಸೊಸೆಗೆ ಹೇಳಿ, ಅನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. ಎರಡನೆಯ ತುತ್ತು. ಮೂರನೆಯದಕ್ಕೆ ಸಾಕಾಯಿತು. ಅದಕ್ಕಿಂತ ಹೆಚ್ಚನ್ನು ಆ ಹೊಟ್ಟೆ ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು, ಯಾರೂ ಇನ್ನೊಂದು ತುತ್ತಿಗೆ ಒತ್ತಾಯಿಸಲಿಲ್ಲ. ಉಳಿದದ್ದನ್ನು ಮಗನ ಕಡೆ ಸರಿಸಿ ಬೆರಳು ಚೀಪಿದರು. ಕೃಷ್ಣಕುಮಾರ್ ತಟ್ಟೆಯ ಮೇಲೆ ಬಿದ್ದ ರಭಸವನ್ನು ಕಂಡು ಆಶಾ ಕಾರ್ಯಕರ್ತೆಯರು ಪುನಃ ಸೆರಗು ಕಚ್ಚಿದರು.

"ಡಾಕ್ಟ್ರೇ, ನಿಮ್ ಪುಸ್ತಕ ಮುಗ್ದಿಲ್ಲ" ಎಂದರು ದುರ್ಗಮ್ಮ. "ಇನ್ನೊಂದ್ ಸಾಲಿತ್ತು."

ಮಗನ ಬಾಯಿ ತುಂಬಿದ್ದರಿಂದ ವಿಘ್ನೇಶ್ವರ ಮುಂದೆ ಬಂದು, ಪುಸ್ತಕವನ್ನೂ ಗಡಿಯಾರವನ್ನೂ ನೋಡದೆ, ನೆಲದ ಮೇಲೆ ಅವರ ಕಾಲ ಬಳಿ ಕುಳಿತು ಕೇಳಿದ: "ಅಜ್ಜೀ, ಇನ್ಮುಂದೆ ನಿಮ್ಗೆ ಯಾವುದು ಮುಖ್ಯ?"

"ಮನೇಲೇ ಇರ್ಬೇಕು. ಮೂಗಿಗೆ ಬಾಯಿಗೆ ನಳಿಗೆ ಬ್ಯಾಡ. ನೋವಿರ್ಬಾರ್ದು." ಬೆರಳು ಮಡಿಚುತ್ತ ಎಣಿಸಿದರು. "ಮತ್ತೆ ಇವ್ನು ನನ್ನೆದ್ರು ಕೂತು ಮೋರೆ ಜೋತಾಕದು ಬ್ಯಾಡ; ಬಸ್ಸಿಗೆ ಹೋಗ್ಲಿ, ಬಂದ್ ಮೇಲೆ ಯಾರ್ ಹತ್ತಿದ್ರು, ಯಾರ್ ಇಳಿದ್ರು, ಯಾರ್ ಜಗಳಾಡಿದ್ರು, ಎಲ್ಲ ಹೇಳ್ಲಿ. ಮೂರ್ ತಿಂಗ್ಳಿಂದ ಅದ್ನೂ ನಿಲ್ಸಿದಾನೆ, ಮಾತಾಡಿದ್ರೆ ಬಾಯಿ ತಪ್ಪಿ ಬರ್ತದೆ ಅಂತ."

ಮೂವತ್ತೆರಡು ಪೆನ್ನುಗಳು ಬರೆದುಕೊಂಡವು. ನಾನು ಹತ್ತು ವರ್ಷದಿಂದ ಹೇಳುತ್ತಿದ್ದ ಪಾಠಕ್ಕೆ ಆ ಪೆನ್ನುಗಳು ಎಂದೂ ಇಷ್ಟು ವೇಗವಾಗಿ ಓಡಿರಲಿಲ್ಲ.

ಅಷ್ಟರಲ್ಲಿ ಕೈ ತೊಳೆದು ಬಂದ ಜ್ಯೋತಿಲಕ್ಷ್ಮಿ ಸೊಂಟಕ್ಕೆ ಕೈಯಿಟ್ಟು ಗಂಡನ ಎದುರು ನಿಂತಳು. ಕಣ್ಣು ಕೆಂಪಗಾಗಿತ್ತು, ಅದು ಒಲೆಯ ಹೊಗೆಯಿಂದಷ್ಟೇ ಆಗಿರಲಾರದು.

"ಅದೆಲ್ಲ ಇರ್ಲಿ. ಇವ್ರೇ ಹೇಳಿದ್ರಾ, ಇವ್ರ ಬಾಯಿಂದ? ಯಾರೂ ಇಲ್ದಾಗ ಬಚ್ಚಲ್ಮನೇಲಿ ನೀರ್ ಬಿಟ್ಕಂಡು ಅಳ್ತಿದ್ದೋರು! ನಾ ನಂಬಲ್ಲ."

"ಅವ್ನೇ ಹೇಳ್ದ ಕಣೇ" ಎಂದರು ದುರ್ಗಮ್ಮ, ಹೆಮ್ಮೆಯಿಂದ. "ಸಭೇಲಿ ಹೇಳ್ದ."

"ಹಂಗಾರೆ ನಾ ಕೇಳ್ಬೇಕು." ಜ್ಯೋತಿಲಕ್ಷ್ಮಿ ಕುರ್ಚಿ ಎಳೆದು ಅತ್ತೆಯ ಮಗ್ಗುಲಲ್ಲಿ ಕುಳಿತು, ಅವರ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. "ರೀ, ಬಾಯಲ್ಲಿರದ್ ನುಂಗಿ. ಇನ್ನೊಂದ್ಸಲ ಹೇಳಿ."